‘ಖಾಲಿ ಜಾಗ’ ಎಂಬ ಮಾತು: ಕನ್ನಡ ಸ್ಟುಡಿಯೊಗಳ ನೆಲದ ಚರಿತ್ರೆ

ನಾನು ಗೋವಾದ ಕೊರ್ತಾಲಿಮ್‌ನಿಂದ ಮಾತಾಡ್ತಾ ಇದ್ದೇನೆ. ಪರಿಸರಕ್ಕೆ ಭಾರವಾಗದೆ, ಊರಿಗೆ ದುಡಿಮೆ ತರುವಂಥ ಸಿನಿಮಾ ಸ್ಟುಡಿಯೊ ಕಟ್ಟಬಹುದೇ ಅನ್ನೋದು ಈ ಪ್ರಬಂಧದ ಪ್ರಶ್ನೆ. ಇದು ಎಂಜಿನಿಯರುಗಳ ವಿಷಯ, ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲೇನು ಕೆಲಸ ಅಂತ ಯಾರಾದರೂ ಕೇಳಬಹುದು. ನಾನು ಬೆನ್ನು ಹತ್ತಿರೋದು ಒಂದು ಮಾತನ್ನು. ಚಿತ್ರನಗರಿಯ ಯೋಜನೆ ಎಲ್ಲೇ ಬರಲಿ, ‘ಅಲ್ಲಿ ಖಾಲಿ ಜಾಗ ಇದೆ’ ಅನ್ನೋ ಮಾತು ಜೊತೆಗೇ ಬರುತ್ತೆ. ಸ್ಟುಡಿಯೊ ಹಸಿರಾಗಿದೆಯೋ ಇಲ್ಲವೋ ಎಂಬುದು ಅದರ ಛಾವಣಿಯ ಮೇಲಿನ ಸೋಲಾರ್ ಫಲಕದಿಂದ ತೀರ್ಮಾನವಾಗೋದಿಲ್ಲ; ಯಾವ ನೆಲ ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದರಿಂದ ಆಗುತ್ತೆ. ಕನ್ನಡ ಸ್ಟುಡಿಯೊಗಳ ಚರಿತ್ರೆ ಇದನ್ನೇ ಹೇಳುತ್ತದೆ ಅನ್ನೋದು ನನ್ನ ವಾದ.

1. ನಮ್ಮದೂ ಒಂದು ಸ್ಟುಡಿಯೊ ಬೇಕು

ಮೊದಲಿಗೆ, ಸ್ಟುಡಿಯೊ ಬೇಕು ಅನ್ನೋ ಹಂಬಲ ಸುಳ್ಳಲ್ಲ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಚಿತ್ರೀಕರಣವಾದದ್ದು ಕೊಲ್ಹಾಪುರದಲ್ಲಿ. ರಾಜ್‌ಕುಮಾರ್ ನಾಯಕರಾದ ‘ಬೇಡರ ಕಣ್ಣಪ್ಪ’ (1954) ತಯಾರಾದದ್ದು ಮದರಾಸಿನಲ್ಲಿ. ಮುಂದೆಯೂ ಬಹಳ ವರ್ಷ ಕನ್ನಡ ಚಿತ್ರರಂಗ ಮದರಾಸನ್ನೇ ನಂಬಿಕೊಂಡಿತ್ತು. ಮಾತು ಕನ್ನಡದ್ದು, ಟಿಕೆಟ್ ಕೊಂಡವರು ಕನ್ನಡದವರು. ಸೆಟ್ ಹಾಕುವ ಬಡಗಿ, ಬಟ್ಟೆ ಹೊಲಿಯುವ ದರ್ಜಿ, ಅಡುಗೆಯವರು, ಲೈಟ್ ಬಾಯ್‌ಗಳಿಗೆ ಸಿಗುವ ಕೂಲಿ ಮಾತ್ರ ಬೇರೆ ಊರಿನದು.

ಈ ಹಿನ್ನೆಲೆಯಲ್ಲಿ ಮೈಸೂರಿನಲ್ಲಿ ಎಂ.ಎನ್. ಬಸವರಾಜಯ್ಯನವರು ಕಟ್ಟಿದ ಪ್ರೀಮಿಯರ್ ಸ್ಟುಡಿಯೊ ದೊಡ್ಡ ಸಾಹಸ. ಮದರಾಸಿಗೆ ಹೋಗಬೇಕಿದ್ದ ಕೆಲಸ ಮೈಸೂರಿನಲ್ಲೇ ಆಗುವ ಹಾಗಾಯಿತು. ಆದರೆ 1989ರ ಫೆಬ್ರವರಿ 8ರಂದು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ಹೊತ್ತಿನಲ್ಲಿ ಅಲ್ಲಿ ಬೆಂಕಿ ಬಿದ್ದು 62 ಜನ ಸತ್ತರು. ಸಡಿಲವಾದ ವೈರಿಂಗ್, ಗಾಳಿಯಾಡದ ಒಳಾಂಗಣ, ಗೋಡೆಗೆ ಹೊದಿಸಿದ್ದ ಗೋಣಿತಟ್ಟು, ದೊಡ್ಡ ದೀಪಗಳ ಕಾವು, ಇವು ಆಗ ಮುಂದೆ ಬಂದ ಕಾರಣಗಳು. ಸೆಣಬಿನ ಗೋಣಿಯನ್ನು ಇವತ್ತಿನ ಭಾಷೆಯಲ್ಲಿ ‘ಪರಿಸರಸ್ನೇಹಿ ವಸ್ತು’ ಅಂತಲೇ ಕರೀತೀವಿ. ಅಲ್ಲಿ ಅದೇ ಉರಿಗೆ ಮೇವಾಯಿತು. ಒಳಗೆ ದುಡಿಯುವವರ ಜೀವದ ಲೆಕ್ಕ ಇಡದ ಸ್ಟುಡಿಯೊವನ್ನು ಸುಸ್ಥಿರ ಅನ್ನೋಕಾಗಲ್ಲ.

2. ಕೊಟ್ಟ ನೆಲ ಏನಾಯಿತು

ಬೆಂಗಳೂರಿನ ಶ್ರೀ ಕಂಠೀರವ ಸ್ಟುಡಿಯೊ 1966ರಲ್ಲಿ ಸರ್ಕಾರಿ ಸಂಸ್ಥೆಯಾಗಿ ಹುಟ್ಟಿತು. ಇವತ್ತು ಅಲ್ಲಿಗೆ ಹೋಗುವ ಬಹುಪಾಲು ಜನ ಹೋಗೋದು ರಾಜ್‌ಕುಮಾರ್, ಅಂಬರೀಷ್, ಪುನೀತ್ ಅವರ ಸಮಾಧಿ ನೋಡೋಕೆ. ನಟ ಟಿ.ಎನ್. ಬಾಲಕೃಷ್ಣ ಅವರು ಸರ್ಕಾರ ಕೊಟ್ಟ 20 ಎಕರೆಯಲ್ಲಿ ಕೆಂಗೇರಿ ಹತ್ತಿರ ಅಭಿಮಾನ್ ಸ್ಟುಡಿಯೊ ಕಟ್ಟಿದರು. ಅದರ ಮುಂದಿನ ಕಥೆ ಎಲ್ಲರಿಗೂ ಗೊತ್ತು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ಅಲ್ಲಾಯಿತು, ಸ್ಮಾರಕಕ್ಕಾಗಿ ವರ್ಷಾನುಗಟ್ಟಲೆ ಜಗಳ ನಡೀತು, 2025ರ ಆಗಸ್ಟ್‌ನಲ್ಲಿ ಸಮಾಧಿಯನ್ನೇ ಕೆಡವಿದರು. ಆಮೇಲೆ, ಷರತ್ತು ಮೀರಿದ್ದಾರೆ ಅಂತ ಸರ್ಕಾರ ಆ ನೆಲವನ್ನು ವಾಪಸು ಪಡೆಯಲು ಹೊರಟಿತು. ಇದರಲ್ಲಿ ಅಭಿಮಾನಿಗಳ ನೋವು ಒಂದು ಕಡೆ. ಇನ್ನೊಂದು ಕಡೆ ಒಂದು ಪಾಠವಿದೆ: ಸಿನಿಮಾದ ಹೆಸರಲ್ಲಿ ಕೊಟ್ಟ ನೆಲ ಸಿನಿಮಾಕ್ಕಿಂತ ಹೆಚ್ಚು ಕಾಲ ಬಾಳುತ್ತೆ. ಚಿತ್ರೀಕರಣ ನಿಂತ ಮೇಲೆ ಅದು ಬರೀ ನಗರದ ಬೆಲೆಬಾಳುವ ಜಮೀನು.

ಮೂರನೆಯದು ಹೆಸರಘಟ್ಟ. 2020ರ ಬಜೆಟ್‌ನಲ್ಲಿ 500 ಕೋಟಿ ರೂಪಾಯಿಯ ಚಿತ್ರನಗರಿ ಘೋಷಣೆಯಾಯಿತು. ಆಮೇಲೆ ಅದರ ಜಾಗವಾಗಿ ಹೆಸರಘಟ್ಟದ ಹೆಸರು ಬಂತು. 19ನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಟ್ಟದ್ದು ಅಲ್ಲಿನ ಕೆರೆ. ಅದರ ಸುತ್ತ ಇರೋದು ಹುಲ್ಲುಗಾವಲು. ಮರ ಇಲ್ಲದ ನೆಲ ಅಂದ್ರೆ ನಮ್ಮ ಕಡತಗಳಿಗೆ ‘ಬಂಜರು’. ಹಕ್ಕಿಗಳಿಗೆ, ಕುರಿ-ದನ ಮೇಯಿಸುವವರಿಗೆ, ಮಳೆನೀರಿಗೆ ಅದು ಬಂಜರಲ್ಲ. ಪರಿಸರದವರು ವಿರೋಧಿಸಿದರು. 2021ರಲ್ಲಿ ತಿರಸ್ಕಾರಗೊಂಡಿದ್ದ ಸಂರಕ್ಷಿತ ಪ್ರದೇಶದ ಪ್ರಸ್ತಾವಕ್ಕೆ 2024ರಲ್ಲಿ ಒಪ್ಪಿಗೆ ಸಿಕ್ಕಿತು, 5,000 ಎಕರೆಗೂ ಹೆಚ್ಚು ನೆಲಕ್ಕೆ. ಅದೇ ನೆಲ, ಕಡತದಲ್ಲಿ ಬೇರೆ ಪದ. ಅದರಿಂದಲೇ ಅದರ ಹಣೆಬರಹ ಬದಲಾಯಿತು.

3. ಸ್ಟುಡಿಯೊ ಇಲ್ಲದೆಯೂ ಬಂದ ದುಡಿಮೆ

1973ರಲ್ಲಿ ‘ಶೋಲೆ’ ತಂಡ ರಾಮನಗರಕ್ಕೆ ಬಂತು. ಹೆದ್ದಾರಿಯಿಂದ ಸೆಟ್‌ವರೆಗೆ ರಸ್ತೆ ಮಾಡಿದರು, ಬಂಡೆಗಳ ನಡುವೆ ಒಂದು ಊರನ್ನೇ ನಿಲ್ಲಿಸಿದರು. ಚಿತ್ರ ಮುಗಿದ ಮೇಲೆ ಆ ಊರು ಉಳೀಲಿಲ್ಲ. ಬೆಟ್ಟ ಉಳೀತು. 2012ರಲ್ಲಿ ಅದೇ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಆಗ ಅಲ್ಲೊಂದು ಕಾಯಂ ಕಾಂಕ್ರೀಟ್ ಚಿತ್ರನಗರಿ ಎದ್ದಿದ್ದರೆ ಹದ್ದುಗಳಿಗೆ ಗೂಡು ಕಟ್ಟಲು ಯಾವ ಬಂಡೆ ಇರ್ತಿತ್ತು?

ಇನ್ನೊಂದು ಉದಾಹರಣೆ ಆಗುಂಬೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಿಸಿದಾಗ ಅಲ್ಲಿನ ಬೀದಿ, ಜಗಲಿ, ದೊಡ್ಡಮನೆಗಳೇ ಸೆಟ್ಟಾದವು. ಇವತ್ತಿಗೂ ಜನ ಆ ಮನೆ ಹುಡುಕಿಕೊಂಡು ಹೋಗ್ತಾರೆ. ಧಾರಾವಾಹಿಯಲ್ಲಿ ಕಾಣುವ ಅರಸಾಳು ರೈಲು ನಿಲ್ದಾಣದಲ್ಲಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಆಯಿತು. ಇದ್ದ ಕಟ್ಟಡವನ್ನೇ ಬಳಸಿದ್ದು ಮೂರು ದಶಕ ದಾಟಿಯೂ ಊರಿಗೆ ಕೈ ಹಿಡಿದಿದೆ.

ಹಾಗಂತ ಸ್ಟುಡಿಯೊನೇ ಬೇಡ ಅಂತ ನಾನು ಹೇಳ್ತಿಲ್ಲ. ಹೊರಾಂಗಣದ ಕೂಲಿ ಕೆಲವು ವಾರಗಳದ್ದು. ಬಡಗಿಗೆ, ದರ್ಜಿಗೆ ವರ್ಷವಿಡೀ ಕೆಲಸ ಬೇಕಾದರೆ ಒಂದು ನೆಲೆ ಬೇಕು. ಪ್ರಶ್ನೆ ಆ ನೆಲೆ ಎಲ್ಲಿರಬೇಕು ಅನ್ನೋದು.

4. ಕೊರ್ತಾಲಿಮ್‌ನಿಂದ ಕಂಡಂತೆ

ಈ ಪ್ರಶ್ನೆ ಗೋವಾದಲ್ಲಿ ಈಗ ಬಿಸಿಯಾಗಿದೆ. 2004ರಿಂದ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ ಇಲ್ಲೇ ನಡೀತಿದೆ. ಉತ್ಸವ ಇದೆ, ಸ್ಟುಡಿಯೊ ಯಾಕಿಲ್ಲ ಎಂಬ ಮಾತು ಸಹಜವಾಗಿ ಬಂತು. ಕಾರವಾರದ ಗಡಿಗೆ ಅಂಟಿಕೊಂಡಿರುವ ಕಾಣಕೋಣ ತಾಲ್ಲೂಕಿನ ಲೊಲಿಯೆಮ್‌ನ ಪ್ರಸ್ಥಭೂಮಿಯ ಹೆಸರು ಚಿತ್ರನಗರಿಗೆ ಕೇಳಿಬಂದಾಗ ಊರಿನವರು ವಿರೋಧಿಸಿದರು. ಹೊರಗಿನವರಿಗೆ ಅದು ಕರಿ ಕಲ್ಲಿನ ಬಯಲು. ಮಳೆನೀರು ಇಂಗಿ ಕೆಳಗಿನ ಊರಿನ ಬಾವಿ, ಝರಿಗಳಿಗೆ ಇಳಿಯೋದು ಇಂಥ ಜಂಬಿಟ್ಟಿಗೆ ಬಯಲಿನಿಂದಲೇ. ಹೆಸರಘಟ್ಟದ ಕಥೆಯೇ ಇಲ್ಲಿ ಕೊಂಕಣಿಯಲ್ಲಿ ನಡೀತಿದೆ.

ಕೊರ್ತಾಲಿಮ್‌ಗೆ ನೆಲ ಬಿಟ್ಟುಕೊಡೋದರ ಅನುಭವ ಹಳೇದು. ಇದರ ಹಳೆಯ ಹೆಸರು ಕುಶಸ್ಥಳಿ; ಪೋರ್ಚುಗೀಸರ ಕಾಲದಲ್ಲಿ, 1560ರಲ್ಲಿ, ಇಲ್ಲಿನ ಮಂಗೇಶ ದೇವರೇ ಜುವಾರಿ ನದಿ ದಾಟಿ ಪ್ರಿಯೋಳಕ್ಕೆ ಹೋಗಬೇಕಾಯಿತು. 1970ರ ದಶಕದಲ್ಲಿ ಪಕ್ಕದ ಜುವಾರಿನಗರಕ್ಕೆ ರಸಗೊಬ್ಬರ ಕಾರ್ಖಾನೆ ಬಂದಾಗ ಕೆಲಸದ ಭರವಸೆಯೂ ಬಂತು, ಸಮುದ್ರಕ್ಕೆ ತ್ಯಾಜ್ಯವೂ ಬಂತು. ಮೀನು ಸತ್ತವು, ಮೀನುಗಾರರು ಬೀದಿಗಿಳಿದರು. ಆ ಹೋರಾಟದ ಮುಂದಾಳು ಮಾಥಾನಿ ಸಲ್ಡಾನಾ ಮುಂದೆ ಕೊರ್ತಾಲಿಮ್‌ನ ಶಾಸಕರಾದರು.

ಇದೇ ಜುವಾರಿನಗರದಲ್ಲಿ ಉತ್ತರ ಕರ್ನಾಟಕದಿಂದ ಬಂದ ಸಾವಿರಾರು ಕನ್ನಡಿಗರು ದುಡೀತಿದ್ದಾರೆ. ನಾಳೆ ಇಲ್ಲೊಂದು ಸ್ಟುಡಿಯೊ ಬಂದರೆ ಸೆಟ್ಟಿಗೆ ಹಲಗೆ ಹೊರುವವರು ಇವರೇ ಇರ್ತಾರೆ. ನೆಲದ ಹಕ್ಕು ಊರಿನ ಕೊಂಕಣಿಗರದು, ಬೆವರು ವಲಸೆ ಬಂದ ಕನ್ನಡಿಗರದು. ‘ಸ್ಥಳೀಯ ಆರ್ಥಿಕತೆ’ ಅನ್ನುವಾಗ ಇಬ್ಬರನ್ನೂ ಎಣಿಸಬೇಕು. ಒಬ್ಬರ ಹೊಟ್ಟೆಪಾಡನ್ನು ತೋರಿಸಿ ಇನ್ನೊಬ್ಬರ ಬಾವಿ ಒಣಗಿಸುವುದು ನ್ಯಾಯವಲ್ಲ.

5. ಏನು ಕೇಳಬೇಕು

ಮೈಸೂರು ಜಿಲ್ಲೆಯ ಹಿಮ್ಮಾವಿನಲ್ಲಿ ಈಗ ಚಿತ್ರನಗರಿಯ ಯೋಜನೆ ಇದೆ. 150 ಎಕರೆ, 500 ಕೋಟಿ ರೂಪಾಯಿ, ಖಾಸಗಿ ಸಹಭಾಗಿತ್ವ. ಪ್ರೀಮಿಯರ್‌ನ ನಂತರ ಮೈಸೂರಿಗೆ ಸಿಗುವ ಎರಡನೇ ಅವಕಾಶ ಇದು. ಮೇಲಿನ ಚರಿತ್ರೆಯಿಂದ ನಾಲ್ಕು ಪ್ರಶ್ನೆಗಳನ್ನು ಕೇಳಬಹುದು ಅನ್ಸುತ್ತೆ. ಮುಚ್ಚಿದ ಕಾರ್ಖಾನೆಯ ಶೆಡ್, ಬಿಟ್ಟ ಗಣಿ, ಇಂಥ ಒಮ್ಮೆ ಕೆದಕಿದ ನೆಲ ಇರುವಾಗ ಹೊಸ ನೆಲ ಯಾಕೆ? ಚಿತ್ರೀಕರಣ ನಿಂತರೆ ನೆಲ ಯಾರಿಗೆ ವಾಪಸು ಹೋಗುತ್ತೆ ಎಂಬುದು ಗುತ್ತಿಗೆ ಪತ್ರದಲ್ಲಿ ಇದೆಯೇ? ಪ್ಲೈವುಡ್, ಥರ್ಮೋಕೋಲ್ ಸೆಟ್ಟುಗಳನ್ನು ಚಿತ್ರ ಮುಗಿದ ಮೇಲೆ ಸುಡುತ್ತಾರೋ, ಇಟ್ಟು ಮತ್ತೆ ಬಳಸುವ ಉಗ್ರಾಣ ಇದೆಯೋ? ಬೆಂಕಿ ಬಿದ್ದರೆ ಒಳಗಿನ ಲೈಟ್ ಬಾಯ್ ಯಾವ ಬಾಗಿಲಿನಿಂದ ಹೊರಗೆ ಓಡ್ತಾನೆ?

ಸೋಲಾರ್ ಫಲಕ, ಎಲ್‌ಇಡಿ ದೀಪ, ಮಳೆನೀರು ಕೊಯ್ಲು ಇವೆಲ್ಲ ಬೇಕು, ಆದರೆ ಅವುಗಳ ಸರದಿ ಇದಾದ ಮೇಲೆ. ಮೊದಲು ಆ ‘ಖಾಲಿ ಜಾಗ’ಕ್ಕೆ ಹೋಗಿ, ಅಲ್ಲಿ ಯಾರು ದನ ಮೇಯಿಸ್ತಾರೆ, ನೀರು ಎಲ್ಲಿಗೆ ಹರಿಯುತ್ತೆ ಅಂತ ಕೇಳಬೇಕು. ಅದನ್ನು ಕೇಳಿ, ಬಂದ ಉತ್ತರವನ್ನು ಕಡತದಲ್ಲಿ ಬರೆದ ಮೇಲೆ ಕಟ್ಟುವ ಸ್ಟುಡಿಯೊ ಸಣ್ಣದೇ ಆಗಬಹುದು. ಅದು ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿಗೆ ನನ್ನ ಮಾತು ಮುಗಿಸ್ತೇನೆ. ಚರ್ಚೆಯಲ್ಲಿ ಬರುವ ಪ್ರಶ್ನೆಗಳಿಗೆ ಸ್ವಾಗತ.