ಜುಪಿಟರ್-8

ಜುಪಿಟರ್-8 ಸೋವಿಯತ್ ಒಕ್ಕೂಟದಲ್ಲಿ ತಯಾರಾದ, ರೇಂಜ್‌ಫೈಂಡರ್ ಫಿಲ್ಮ್ ಕ್ಯಾಮೆರಾಗಳ ಮಸೂರ. ಇದರ ನಾಭಿದೂರ 50 ಮಿ.ಮೀ., ಗರಿಷ್ಠ ದ್ಯುತಿರಂಧ್ರ ಎಫ್/2. ಜರ್ಮನಿಯ ಲುಡ್ವಿಗ್ ಬರ್ಟೆಲೆ ರೂಪಿಸಿದ ಜೈಸ್ ಸೊನ್ನಾರ್ ಇದರ ಮೂಲ. ಎರಡನೆಯ ಮಹಾಯುದ್ಧದ ನಂತರ ಆ ವಿನ್ಯಾಸವು ಸೋವಿಯತ್ ಕಾರ್ಖಾನೆಗಳಿಗೆ ದೊರೆಯಿತು. ಇದರ ಆರು ಗಾಜುಗಳನ್ನು ಮೂರು ಗುಂಪುಗಳಾಗಿ ಅಂಟಿಸಿರುವುದರಿಂದ ಒಳಪ್ರತಿಫಲನ ಕಡಿಮೆಯಾಗಿ ಚಿತ್ರ ಸ್ಪಷ್ಟವಾಗಿ ಮೂಡುತ್ತದೆ.

ಜೋರ್ಕಿ ಮತ್ತು ಫೆಡ್ ಕ್ಯಾಮೆರಾಗಳಿಗೆ 39 ಮಿ.ಮೀ. ತಿರುಪಿನ ಮಾದರಿಯೂ ಕೀವ್ ಕ್ಯಾಮೆರಾಕ್ಕೆ ಬೇರೆ ಮಾದರಿಯೂ ಇದ್ದವು. ಅಪಾರ ಸಂಖ್ಯೆಯಲ್ಲಿ ತಯಾರಾದ ಕಾರಣ ಇದು ಸಮಾನ ಗುಣದ ಜರ್ಮನ್ ಮಸೂರಗಳಿಗಿಂತ ಅಗ್ಗ.

ಮಿತಿಗಳು

ಒಂದು ಮೀಟರಿಗಿಂತ ಹತ್ತಿರದ ವಸ್ತುವನ್ನು ಇದು ನಾಭೀಕರಿಸದು. ಆ ದೂರದಲ್ಲಿ ಚೌಕಟ್ಟಿಗೆ ಸುಮಾರು 64×43 ಸೆಂ.ಮೀ. ಕ್ಷೇತ್ರ ದಕ್ಕುತ್ತದೆ. ಉದಾಹರಣೆಗೆ, ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿರುವ, 1246ರ ಲಕ್ಷ್ಮೀನರಸಿಂಹ ದೇವಾಲಯದ ಭಿತ್ತಿಶಿಲ್ಪಗಳನ್ನು ಚಿತ್ರಿಸಬಹುದಾದರೂ ಅವುಗಳ ಆಭರಣದ ಸೂಕ್ಷ್ಮ ಕೆತ್ತನೆ ಚೌಕಟ್ಟನ್ನು ತುಂಬದು. ಲೈಕಾ ಕ್ಯಾಮೆರಾಕ್ಕೆ ಜೋಡಿಸಿದಾಗ ಅಳತೆಯ ಅಲ್ಪ ವ್ಯತ್ಯಾಸದಿಂದ ಸಮೀಪದ ಚಿತ್ರಗಳು ಮಸುಕಾಗಬಹುದು, ದ್ಯುತಿರಂಧ್ರವನ್ನು ಎಫ್/5.6ಕ್ಕೆ ಕಿರಿದಾಗಿಸಿದರೆ ದೋಷ ಬಹುಮಟ್ಟಿಗೆ ಮರೆಯಾಗುತ್ತದೆ. ಹಳೆಯ ಮಸೂರವನ್ನು ಕೊಳ್ಳುವಾಗ ಗಾಜಿನ ಮಬ್ಬು, ಬೂಷ್ಟು ಹಾಗೂ ಒಣಗಿದ ಗ್ರೀಸನ್ನು ಪರೀಕ್ಷಿಸಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಇರಿಸಿದ ಮುಚ್ಚಿದ ಡಬ್ಬಿಯಲ್ಲಿ ಇಡುವುದು ಒಳಿತು.