ಒಳಗಿನ ಬಲ, ಹೊರಗಿನ ಬಲ: ಒಂದು ಪ್ರಶ್ನೆಯ ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಒಂದು ಪ್ರಶ್ನೆ. ಈ ಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಬಂದ ಹೊಸತರಲ್ಲಿ ಒಂಬತ್ತನೆಯ ತರಗತಿಗೆ ನ್ಯೂಟನ್ನನ ಮೂರನೆಯ ನಿಯಮ ಪಾಠ ಮಾಡುತ್ತಿದ್ದೆ. ಪ್ರತಿಯೊಂದು ಕ್ರಿಯೆಗೂ ಸಮನಾದ ಮತ್ತು ವಿರುದ್ಧವಾದ ಪ್ರತಿಕ್ರಿಯೆ ಇರುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತಿದ್ದ.

"ಸಾರ್, ಎತ್ತು ಗಾಡೀನ ಎಷ್ಟು ಎಳೆಯುತ್ತೋ ಗಾಡಿನೂ ಎತ್ತನ್ನ ಅಷ್ಟೇ ಹಿಂದಕ್ಕೆ ಎಳೆಯುತ್ತೆ ಅಂತೀರಿ. ಹಂಗಾದ್ರೆ ಗಾಡಿ ಮುಂದೆ ಹೋಗೋದು ಹೆಂಗೆ?"

ತರಗತಿ ನಕ್ಕಿತು. ನಾನೂ ನಕ್ಕೆ. "ಪರೀಕ್ಷೆಯಲ್ಲಿ ನಿಯಮ ಬರೆದರೆ ಸಾಕು, ಕೂತ್ಕೋ" ಎಂದೆ. ನಿಜ ಹೇಳಬೇಕೆಂದರೆ ಉತ್ತರ ನನಗೂ ಸ್ಪಷ್ಟವಾಗಿ ಗೊತ್ತಿರಲಿಲ್ಲ. ಆ ಹುಡುಗ ವರ್ಷವಿಡೀ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಆಮೇಲೆ ಓದುತ್ತಾ ಹೋದಂತೆ ತಿಳಿದದ್ದು, ಅವನ ಪ್ರಶ್ನೆಯ ಸುತ್ತ ದೊಡ್ಡ ದೊಡ್ಡವರೇ ಎಡವಿದ್ದಾರೆ ಎಂಬುದು.

ಮೊದಲು ಎಡವಿದವನು ಫ್ರಾನ್ಸಿನ ರೆನೆ ಡೆಕಾರ್ಟ್. 1644ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು, ಜಗತ್ತಿನಲ್ಲಿರುವ ಒಟ್ಟು ಚಲನೆಯ ಪ್ರಮಾಣ ಬದಲಾಗುವುದಿಲ್ಲ ಎಂದ. ಮಾತು ದೊಡ್ಡದೇ. ಆದರೆ ಲೆಕ್ಕದಲ್ಲಿ ವಸ್ತುವಿನ ಗಾತ್ರವನ್ನೂ ವೇಗವನ್ನೂ ಗುಣಿಸಿದ, ದಿಕ್ಕನ್ನು ಬಿಟ್ಟ. ಸಮನಾದ ಎರಡು ಹಸಿ ಮಣ್ಣಿನ ಮುದ್ದೆಗಳು ಒಂದೇ ವೇಗದಲ್ಲಿ ಎದುರುಬದುರು ಬಂದು ಡಿಕ್ಕಿ ಹೊಡೆದು ಅಂಟಿಕೊಂಡು ನಿಂತರೆ, ಅವನ ಲೆಕ್ಕದಲ್ಲಿ ಚಲನೆ ಮಾಯವಾಗಿಬಿಡುತ್ತದೆ. ಒಂದು ದಿಕ್ಕಿಗೆ ಕೂಡುವ ಚಿಹ್ನೆ, ಇನ್ನೊಂದಕ್ಕೆ ಕಳೆಯುವ ಚಿಹ್ನೆ ಹಾಕಿದರೆ ಮೊದಲೂ ಸೊನ್ನೆ, ಕೊನೆಗೂ ಸೊನ್ನೆ.

ಲಂಡನ್ನಿನ ರಾಯಲ್ ಸೊಸೈಟಿ 1668ರಲ್ಲಿ ಈ ಡಿಕ್ಕಿಯ ಸಮಸ್ಯೆಯನ್ನು ಕೈಗೆತ್ತಿಕೊಂಡಿತು. ಇಂಗ್ಲೆಂಡಿನ ಜಾನ್ ವಾಲಿಸ್ ಮತ್ತು ಕ್ರಿಸ್ಟೋಫರ್ ರೆನ್, ಹಾಲೆಂಡಿನ ಕ್ರಿಸ್ಟಿಯಾನ್ ಹೈಗೆನ್ಸ್ ಉತ್ತರ ಕಳಿಸಿದರು. ದಿಕ್ಕನ್ನು ಸೇರಿಸಿದಾಗ ಲೆಕ್ಕ ಸರಿಹೋಯಿತು. ಹೈಗೆನ್ಸ್ ಇನ್ನೂ ಒಂದು ಸಂಗತಿ ಗಮನಿಸಿದ್ದ: ಗೋಲಗಳು ಹೇಗೆ ಡಿಕ್ಕಿ ಹೊಡೆದರೂ ಅವೆರಡರ ಸಮಾನ ಗುರುತ್ವ ಕೇಂದ್ರ ಮೊದಲಿನಂತೆಯೇ ಒಂದೇ ಸಮನೆ ಸಾಗುತ್ತಿರುತ್ತದೆ.

1687ರಲ್ಲಿ ಬಂದ ನ್ಯೂಟನ್ನನ 'ಪ್ರಿನ್ಸಿಪಿಯಾ' ಇದನ್ನು ನಿಯಮದ ಮಟ್ಟಕ್ಕೆ ತಂದಿತು. ನಾವು ಮಕ್ಕಳಿಗೆ ಮೂರು ನಿಯಮ ಕಲಿಸಿ ಮುಂದೆ ಹೋಗುತ್ತೇವೆ. ಅವುಗಳ ಬೆನ್ನಿಗೇ ನ್ಯೂಟನ್ ಕೆಲವು ಉಪಪ್ರಮೇಯಗಳನ್ನು ಕೊಟ್ಟಿದ್ದಾನೆ. ಅವುಗಳಲ್ಲಿ ನಾಲ್ಕನೆಯದು ಹೇಳುವುದಿಷ್ಟು: ವಸ್ತುಗಳು ತಮ್ಮ ತಮ್ಮಲ್ಲೇ ಎಳೆದಾಡಿಕೊಂಡರೆ ಅವುಗಳ ಸಮಾನ ಕೇಂದ್ರದ ಸ್ಥಿತಿ ಬದಲಾಗದು, ಬದಲಾಗಬೇಕಾದರೆ ಹೊರಗಿನ ಬಲವೇ ಬೇಕು. ಇದನ್ನು ಒರೆಗೆ ಹಚ್ಚಲು ಅವನು ಒಂದು ಅಯಸ್ಕಾಂತವನ್ನೂ ಒಂದು ಕಬ್ಬಿಣದ ತುಂಡನ್ನೂ ಬೇರೆ ಬೇರೆ ಪಾತ್ರೆಗಳಲ್ಲಿಟ್ಟು, ಪಾತ್ರೆಗಳು ಒಂದಕ್ಕೊಂದು ತಾಗುವಂತೆ ನಿಂತ ನೀರಿನಲ್ಲಿ ತೇಲಿಬಿಟ್ಟ. ಯಾವುದೂ ಯಾವುದನ್ನೂ ತಳ್ಳಿಕೊಂಡು ಹೋಗಲಿಲ್ಲ. ಎರಡೂ ಹಾಗೇ ನಿಂತವು. ಅದೇ ಪುಸ್ತಕದಲ್ಲಿ ಹಗ್ಗದಿಂದ ಕಲ್ಲನ್ನು ಎಳೆಯುವ ಕುದುರೆಯ ಉದಾಹರಣೆಯೂ ಇದೆ. ನಮ್ಮ ಹುಡುಗನ ಎತ್ತಿಗೂ ಆ ಕುದುರೆಗೂ ಹೆಚ್ಚು ದೂರವಿಲ್ಲ.

ಎರಡನೆಯ ದೊಡ್ಡ ಎಡವಟ್ಟು ರಾಕೆಟ್ಟಿನ ವಿಷಯದಲ್ಲಿ ಆಯಿತು. ರಾಕೆಟ್ ನಮ್ಮ ನಾಡಿಗೆ ಹೊಸತಲ್ಲ. ಹೈದರಾಲಿ, ಟಿಪ್ಪು ಸುಲ್ತಾನರ ಸೈನ್ಯ ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ ರಾಕೆಟ್ಟುಗಳನ್ನು 1780ರ ಪೊಳ್ಳಿಲೂರು ಯುದ್ಧದಲ್ಲೇ ಬಳಸಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅವನ್ನು ಹೊತ್ತೊಯ್ದರು. ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನ ರಾಕೆಟ್ಟುಗಳನ್ನು ರೂಪಿಸಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆಯ ಬಾವಿಯೊಂದರಲ್ಲಿ ಅಂಥ ಸುಮಾರು ಸಾವಿರ ರಾಕೆಟ್ಟುಗಳು ಸಿಕ್ಕವು.

ರಾಕೆಟ್ ಹಾರುವುದನ್ನು ಎಲ್ಲರೂ ಕಂಡಿದ್ದರು. ಆದರೆ ಅದು ಏನನ್ನು ಒದ್ದು ಹಾರುತ್ತದೆ? ಹಿಂದಿನ ಗಾಳಿಯನ್ನು ಎಂದು ಬಹಳ ಜನ ನಂಬಿದ್ದರು. ಅಮೆರಿಕದ ರಾಬರ್ಟ್ ಗೊಡ್ಡಾರ್ಡ್ ರಾಕೆಟ್ಟನ್ನು ಚಂದ್ರನವರೆಗೂ ಕಳಿಸಬಹುದೆಂದು ಬರೆದಾಗ, 1920ರ ಜನವರಿ 13ರ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಅವನನ್ನು ಗೇಲಿ ಮಾಡಿತು. ನಿರ್ವಾತದಲ್ಲಿ ಒದೆಯಲು ಏನೂ ಇಲ್ಲ, ಹೈಸ್ಕೂಲಿನಲ್ಲಿ ದಿನವೂ ಬಡಿಸುವ ತಿಳಿವಳಿಕೆಯೂ ಈ ಪ್ರೊಫೆಸರಿಗಿಲ್ಲ ಎಂಬ ಅರ್ಥದಲ್ಲಿ ಅದು ಬರೆಯಿತು. ಗೊಡ್ಡಾರ್ಡ್ ಅದಕ್ಕೆ ಮೊದಲೇ ಗಾಳಿ ತೆಗೆದ ಕೊಳವೆಯೊಳಗೆ ಪ್ರಯೋಗ ಮಾಡಿ, ನಿರ್ವಾತದಲ್ಲಿ ನೂಕುವಿಕೆ ಕಡಿಮೆಯಾಗುವುದಿಲ್ಲವೆಂದು ತೋರಿಸಿದ್ದ.

ಪತ್ರಿಕೆಯ ತಪ್ಪು ಎಲ್ಲಿತ್ತು? ಒಳಗಿನ ಬಲದಿಂದ ಇಡೀ ವ್ಯವಸ್ಥೆಯ ಕೇಂದ್ರ ಕದಲದು ಎಂಬುದೇನೋ ನಿಜ. ಆದರೆ ರಾಕೆಟ್ಟಿನ ಇಡೀ ವ್ಯವಸ್ಥೆಯೆಂದರೆ ಬರಿಯ ಕೊಳವೆಯಲ್ಲ. ಅದರಿಂದ ಹೊರಬಿದ್ದ ಅನಿಲವೂ ಸೇರಬೇಕು. ಹೊರಗಿನ ಬಲವೇ ಇಲ್ಲದ ಜಾಗದಲ್ಲಿ ಅನಿಲ ಹಿಂದಕ್ಕೆ, ಕೊಳವೆ ಮುಂದಕ್ಕೆ. ಎರಡರ ಸಮಾನ ಕೇಂದ್ರ ಮೊದಲಿನಂತೆಯೇ. ಕೊಳವೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ, ಅನಿಲದ ಒತ್ತುವಿಕೆ ಅದಕ್ಕೆ ಹೊರಗಿನ ಬಲ.

ಒಳಗು ಹೊರಗು ಎಂಬುದು ಬಲದ ಗುಣವಲ್ಲ, ನಾವು ಎಳೆದುಕೊಳ್ಳುವ ಗೆರೆಯ ಮಾತು. ಅಪ್ಪನ ಜೇಬಿನ ನೂರು ರೂಪಾಯಿ ಅಮ್ಮನ ಡಬ್ಬಿಗೆ ಹೋದರೆ ಅಮ್ಮನಿಗೆ ಅದು ವರಮಾನ; ಮನೆಯ ಲೆಕ್ಕದಲ್ಲಿ ಏನೂ ಬದಲಾಗಿಲ್ಲ. ಸಂತೆಯಲ್ಲಿ ರಾಗಿ ಮಾರಿ ತಂದ ಹಣ ಮಾತ್ರ ಮನೆಗೆ ಹೊಸದಾಗಿ ಬಂದದ್ದು. ಕೆಟ್ಟು ನಿಂತ ಬಸ್ಸಿನೊಳಗೆ ಕೂತು ಮುಂದಿನ ಸೀಟನ್ನು ಎಷ್ಟು ನೂಕಿದರೂ ಬಸ್ಸು ಓಡದು. ಕೆಳಗಿಳಿದು ನೆಲಕ್ಕೆ ಕಾಲು ಕೊಟ್ಟು ನೂಕಬೇಕು.

ಈಗ ಗಾಡಿಗೆ ಬರೋಣ. ಎತ್ತು ಎಳೆಯುವುದು ಗಾಡಿಯನ್ನು, ಗಾಡಿ ಎಳೆಯುವುದು ಎತ್ತನ್ನು. ಬಲಗಳು ಸಮವಾದರೂ ಬೇರೆ ಬೇರೆ ವಸ್ತುಗಳ ಮೇಲೆ ಬೀಳುವುದರಿಂದ ಗಾಡಿಯ ಮಟ್ಟಿಗೆ ಅವು ಒಂದನ್ನೊಂದು ಅಳಿಸಿಹಾಕುವುದಿಲ್ಲ. ಎತ್ತು, ಗಾಡಿ ಎರಡನ್ನೂ ಒಂದೇ ಗೆರೆಯೊಳಗೆ ತಂದರೆ ಆ ಜೋಡಿ ಒಳಗಿನದಾಗಿ ವಜಾ ಆಗುತ್ತದೆ. ಆಗ ಉಳಿಯುವುದು ನೆಲ. ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಎತ್ತನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತು ಚಕ್ರಕ್ಕೆ ಬರುವ ತಡೆಗಿಂತ ಹೆಚ್ಚಾದರೆ ನಿಂತ ಗಾಡಿ ಹೊರಡುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ಎತ್ತು ಎಷ್ಟೇ ಬಲವಾಗಿದ್ದರೂ ಗಾಡಿ ನಿಂತಲ್ಲೇ. ಈ ಊರಿನ ರೈತರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಅಪೋಲೊ 11 ಚಂದ್ರನತ್ತ ಹೊರಟ ಮರುದಿನ, 1969ರ ಜುಲೈ 17ರಂದು, ಆ ಪತ್ರಿಕೆ ತನ್ನ ತಪ್ಪಿಗೆ ವಿಷಾದ ಸೂಚಿಸಿತು. ಗೊಡ್ಡಾರ್ಡ್ 1945ರಲ್ಲೇ ತೀರಿಹೋಗಿದ್ದ. ತಿದ್ದುಪಡಿಗೆ ಹಿಡಿದದ್ದು 49 ವರ್ಷ, ಹೆಚ್ಚುಕಡಿಮೆ ನಮ್ಮ ಶಾಲೆಯ ವಯಸ್ಸು.

ನನ್ನ ತಿದ್ದುಪಡಿಯೂ ತಡವಾಗಿದೆ. ಹಿಂದಿನ ಬೆಂಚಿನ ಆ ವಿದ್ಯಾರ್ಥಿ ಈ ಸಂಚಿಕೆಯನ್ನು ಓದುತ್ತಿದ್ದರೆ, ನಿನ್ನ ಪ್ರಶ್ನೆ ಸರಿಯಾಗಿತ್ತಪ್ಪಾ, ನಕ್ಕಿದ್ದು ನನ್ನ ತಪ್ಪು. ಈಗ ಪಾಠ ಮಾಡುತ್ತಿರುವ ಶಿಕ್ಷಕ ಮಿತ್ರರಲ್ಲಿ ಒಂದೇ ವಿನಂತಿ: ಉತ್ತರ ಗೊತ್ತಿಲ್ಲದಿದ್ದರೆ "ನಾಳೆ ಓದಿಕೊಂಡು ಬಂದು ಹೇಳುತ್ತೇನೆ" ಎನ್ನಿ. ಮಗುವನ್ನು ಮಾತ್ರ ಕೂರಿಸಬೇಡಿ.