ತೆರಿಗೆ ರಿಯಾಯಿತಿಯ ಮನೆ ಗಾಂಧಿ ಬಜಾರಿಗೇಕೆ ಬರಲಿಲ್ಲ?

ಬೆಂಗಳೂರಿನ ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಆಸುಪಾಸಿನ ಅಡ್ಡರಸ್ತೆಗಳಲ್ಲಿ ಹಳೆಯ ಮನೆ ಕೆಡವಿದ ಕಡೆ ಫ್ಲ್ಯಾಟುಗಳು ಏಳುತ್ತವೆ. ಕೆಳಗೆ ಕಾರು ನಿಲ್ಲಿಸುವ ಜಾಗ, ಮೇಲೆ ಮಹಡಿಗೆ ಒಂದೋ ಎರಡೋ ಮನೆ. ಬಜಾರಿನಲ್ಲಿ ಹೂ ಕಟ್ಟುವವರಿಗೆ, ಅಂಗಡಿಯಲ್ಲಿ ದುಡಿಯುವವರಿಗೆ ಇವು ಎಟುಕುವ ಮಾತಲ್ಲ. ಅಗ್ಗದ ಮನೆ ಕಟ್ಟಲೆಂದು ಕೇಂದ್ರ ಸರ್ಕಾರ ಎರಡು ಸಲ ಬಿಲ್ಡರುಗಳ ಆದಾಯ ತೆರಿಗೆಯನ್ನೇ ಬಿಟ್ಟುಕೊಟ್ಟಿತ್ತು. ಅದರ ಫಲ ಈ ರಸ್ತೆಗಳಿಗೆ ಮುಟ್ಟಲಿಲ್ಲ.

ಇಲ್ಲಿ ಮನೆಯ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ ನೆಲ. 1892ರಲ್ಲಿ ಚಾಮರಾಜಪೇಟೆ ಬಂತು. 1898ರ ಪ್ಲೇಗು ಹಳೇ ಪೇಟೆಯ ಇಕ್ಕಟ್ಟನ್ನು ಬಯಲಿಗೆಳೆದ ಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದವು. 1909ರ ಬೆಂಗಳೂರು ಬಿಲ್ಡಿಂಗ್ ಕೋ-ಆಪರೇಟಿವ್ ಸೊಸೈಟಿ ದೇಶದ ಮೊದಲ ಗೃಹ ನಿರ್ಮಾಣ ಸಹಕಾರ ಸಂಘವೆಂದು ಹೆಸರಾಗಿದೆ. 1945ರ ಕಾಯ್ದೆಯಿಂದ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡು ಬಂತು, 1976ರಲ್ಲಿ ಅದರ ಜಾಗಕ್ಕೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ). ಇವೆಲ್ಲ ಮುಖ್ಯವಾಗಿ ಹಂಚಿದ್ದು ಸೈಟು.

ಸೈಟು ಕೊಳ್ಳಲಾಗದವರಿಗೆ ವಠಾರವಿತ್ತು. ಒಂದೇ ಗೇಟು, ನಡುವೆ ಉದ್ದನೆಯ ಓಣಿ, ಅದರ ಪಕ್ಕ ಸಾಲಾಗಿ ಎರಡು ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಗುಮಾಸ್ತರು, ಮೇಷ್ಟ್ರು, ಹೋಟೆಲಿನವರು ಬಾಡಿಗೆ ಕೊಟ್ಟು ಬಾಳಿದ್ದು ಇಂಥಲ್ಲೇ. ಯಾವ ಯೋಜನೆಯೂ ಕಟ್ಟಿಸದ ಈ ಮನೆಗಳು ನಗರದ ಕೆಳ ಮಧ್ಯಮ ವರ್ಗಕ್ಕೆ ನೆಲೆ ಕೊಟ್ಟವು.

ತೆರಿಗೆಯ ಹಾದಿ ತೆರೆದದ್ದು 1990ರ ದಶಕದ ಕೊನೆಗೆ. ಆದಾಯ ತೆರಿಗೆ ಕಾಯ್ದೆಯ 80-ಐಬಿ(10) ಪ್ರಕಾರ ವಸತಿ ಯೋಜನೆಯ ಲಾಭಕ್ಕೆ ಪೂರ್ತಿ ವಿನಾಯಿತಿ ಸಿಗುತ್ತಿತ್ತು. ಜಾಗ ಕನಿಷ್ಠ ಒಂದು ಎಕರೆ ಇರಬೇಕು. ಮನೆ ದೆಹಲಿ, ಮುಂಬೈಗಳಲ್ಲಿ 1,000 ಚದರಡಿ, ಬೆಂಗಳೂರಿನಂಥ ಊರುಗಳಲ್ಲಿ 1,500 ಚದರಡಿ ಮೀರಬಾರದು. 1,500 ಚದರಡಿಯಲ್ಲಿ ಮೂರು ಬೆಡ್‌ರೂಮಿನ ಮನೆ ಆರಾಮವಾಗಿ ಕೂರುತ್ತದೆ. ಬಡವರ ಹೆಸರಿನ ಮನೆ ಇದಾಗಲು ಸಾಧ್ಯವೇ? ಬಾಲ್ಕನಿಯನ್ನು ಅಳತೆಗೆ ಸೇರಿಸಬೇಕೇ ಎಂಬುದೇ ದೊಡ್ಡ ವ್ಯಾಜ್ಯವಾಗಿ ಟ್ರಿಬ್ಯೂನಲ್, ಹೈಕೋರ್ಟುಗಳವರೆಗೆ ಹೋಯಿತು. ಒಳಗೆ ಯಾರು ವಾಸಿಸುತ್ತಾರೆ, ಅವರ ಸಂಬಳವೆಷ್ಟು ಎಂದು ಕಾನೂನು ಕೇಳಲೇ ಇಲ್ಲ.

2016ರಲ್ಲಿ ಬಂದ 80-ಐಬಿಎ ಅಳತೆಯನ್ನು ಬಿಗಿಮಾಡಿತು. ನಾಲ್ಕು ಮಹಾನಗರಗಳಲ್ಲಿ 30 ಚದರ ಮೀಟರ್, ಉಳಿದ ಕಡೆ 60. ಆಗ ಆ ನಾಲ್ಕರಲ್ಲಿ ಬೆಂಗಳೂರು ಇರಲಿಲ್ಲ. 2019ರ ಸೆಪ್ಟೆಂಬರ್ 1ರಿಂದ ಒಪ್ಪಿಗೆ ಪಡೆದ ಯೋಜನೆಗಳಿಗೆ ಬೆಂಗಳೂರೂ ಮಹಾನಗರವಾಯಿತು. ಮಿತಿ 60 ಚದರ ಮೀಟರ್, ಎಂದರೆ ಸುಮಾರು 646 ಚದರಡಿ, ಜೊತೆಗೆ ಬೆಲೆ 45 ಲಕ್ಷ ದಾಟಬಾರದು. ಒಂದು ಕುಟುಂಬಕ್ಕೆ ಒಂದೇ ಮನೆ ಎಂಬುದು ನಿಜಕ್ಕೂ ಒಳ್ಳೆಯ ನಿಯಮ.

ತೊಡಕು ನೆಲದ ಅಳತೆಯಲ್ಲಿತ್ತು. ಮೊದಲ ಕಲಮಿನ ಒಂದು ಎಕರೆಗೆ 60×40 ಅಡಿಯ ಸುಮಾರು ಹದಿನೆಂಟು ಸೈಟು ಬೇಕು. 80-ಐಬಿಎ ಬೆಂಗಳೂರಿಗೆ ಆರಂಭದಲ್ಲಿ ಕೇಳಿದ 2,000 ಚದರ ಮೀಟರಿಗೆ ಒಂಬತ್ತು ಸೈಟು. ತಲೆಮಾರುಗಳಿಂದ ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡ ಬಸವನಗುಡಿಯಲ್ಲಿ ಒಂಬತ್ತು ಸೈಟು ಒಟ್ಟಿಗೆ ಎಲ್ಲಿ ಸಿಗಬೇಕು? ಒಂದೆರಡು ಸೈಟಿನಲ್ಲಿ ಕಟ್ಟುವವನು ಎಷ್ಟೇ ಸಣ್ಣ ಮನೆ ಕಟ್ಟಿದರೂ ಈ ವಿನಾಯಿತಿಗೆ ಅರ್ಹನಾಗುತ್ತಿರಲಿಲ್ಲ. ಹೀಗಾಗಿ ಇಂಥ ಯೋಜನೆಗಳಿಗೆ ಊರಂಚೇ ಗತಿಯಾಯಿತು.

ಅಮೆರಿಕ 1986ರಲ್ಲಿ ಬೇರೆ ದಾರಿ ಹಿಡಿಯಿತು. ಅಲ್ಲಿ ಬಂಡವಾಳ ಹೂಡಿದವರಿಗೆ ತೆರಿಗೆ ಕ್ರೆಡಿಟ್ ಸಿಗುವುದು ನಿಗದಿತ ಪ್ರಮಾಣದ ಮನೆಗಳನ್ನು ಕಡಿಮೆ ಆದಾಯದವರಿಗೇ ಮಿತ ಬಾಡಿಗೆಗೆ ಕೊಟ್ಟಾಗ. ಮೊದಲ 15 ವರ್ಷದೊಳಗೆ ಷರತ್ತು ಮುರಿದರೆ ಕ್ರೆಡಿಟ್ಟಿನ ಒಂದು ಭಾಗ ವಾಪಸು ಕಟ್ಟಬೇಕು. ಅಲ್ಲಿ ಆದಾಯವೂ ಬಾಡಿಗೆಯೂ ಲೆಕ್ಕಕ್ಕೆ ಬಂದವು. ನಮ್ಮಲ್ಲಿ ಗೋಡೆಯಿಂದ ಗೋಡೆಗೆ ಟೇಪು ಹಿಡಿದೆವು.

ಕೊಳ್ಳುವವರಿಗೂ ಅಷ್ಟಿಷ್ಟು ನೆರವು ಬಂತು: 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ 2.67 ಲಕ್ಷದವರೆಗೆ ಬಡ್ಡಿ ಸಹಾಯಧನ, 2019ರಿಂದ ಅಗ್ಗದ ಮನೆಗೆ ಶೇ 1ರ ಜಿಎಸ್‌ಟಿ, 2021ರಲ್ಲಿ 35ರಿಂದ 45 ಲಕ್ಷದ ಹೊಸ ಫ್ಲ್ಯಾಟಿಗೆ ರಾಜ್ಯದ ಮುದ್ರಾಂಕ ಶುಲ್ಕ ಶೇ 3. ಸಾಲ ಹುಟ್ಟದವರಿಗೆ ಇದರಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಬಾಡಿಗೆ ಮನೆ 80-ಐಬಿಎಯೊಳಗೆ ಬಂದದ್ದು 2021ರಲ್ಲಿ. 2022ರ ಮಾರ್ಚ್ 31ಕ್ಕೆ ಒಪ್ಪಿಗೆಯ ಅವಧಿಯೇ ಮುಗಿಯಿತು. ಮತ್ತೆ ಇಂಥ ಕಲಮು ಬರೆಯುವುದಾದರೆ ಹಳೇ ಬಡಾವಣೆಗಳಲ್ಲಿ ಒಂದೇ ಸೈಟಿನ ಕಟ್ಟಡಕ್ಕೂ ಅವಕಾಶವಿರಲಿ, ಮತ್ತು ಬಾಡಿಗೆದಾರರ ಆದಾಯಕ್ಕೆ, ಬಾಡಿಗೆಗೆ ಮಿತಿ ಹಾಕಿ ಅದನ್ನು ಕನಿಷ್ಠ 15 ವರ್ಷ ಪಾಲಿಸುವ ಷರತ್ತಿರಲಿ.